ಮಕ್ಕಳ ಕೆಲಸದಲ್ಲಿ ಗುಣಮಟ್ಟ: ಮಲೆನಾಡಿನ ಶಿಕ್ಷಕರು, ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ಶಾಲೆಗಳಲ್ಲಿ ಈ ವಿಷಯ ಮಾತಾಡುವಾಗ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಸಾಲಾಗಿ ಓದಲೇಬೇಕೆಂದಿಲ್ಲ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ. ಆದರೆ ಎರಡನೆಯದನ್ನು ಮಾತ್ರ ಬಿಡಬೇಡಿ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಗುಣಮಟ್ಟ ನಿರ್ವಹಣೆ ಅಂದರೆ ಏನು? ಶಾಲೆಗೂ ಅದಕ್ಕೂ ಏನು ಸಂಬಂಧ?

ಇದು ಹುಟ್ಟಿದ್ದು ಕಾರ್ಖಾನೆಯಲ್ಲಿ. 1924ರಲ್ಲಿ ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಾಲ್ಟರ್ ಶೂಹಾರ್ಟ್, ಟೆಲಿಫೋನ್ ಸಾಮಾನುಗಳ ತಯಾರಿಕೆಯಲ್ಲಿ ಆಗುವ ಏರುಪೇರನ್ನು ಒಂದು ನಕ್ಷೆಯಲ್ಲಿ ಗುರುತಿಸುವ ದಾರಿ ಕಂಡುಕೊಂಡರು. ಅವರ ವಿಚಾರವನ್ನು ಮುಂದುವರಿಸಿದ ಎಡ್ವರ್ಡ್ಸ್ ಡೆಮಿಂಗ್ 1950ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಎಂಜಿನಿಯರುಗಳಿಗೆ ಪಾಠ ಮಾಡಿದರು. 1962ರ ಹೊತ್ತಿಗೆ ಕಾವೊರು ಇಷಿಕಾವಾ ಅವರ ಪ್ರಯತ್ನದಿಂದ ಅಲ್ಲಿನ ಕೆಲಸಗಾರರೇ ಸಣ್ಣ ಗುಂಪು ಕಟ್ಟಿಕೊಂಡು ತಮ್ಮ ಕೆಲಸದ ತೊಂದರೆ ತಾವೇ ಬಗೆಹರಿಸಲು ಶುರು ಮಾಡಿದರು. ಇವನ್ನು ಗುಣಮಟ್ಟ ವೃತ್ತ ಅಂತ ಕರೆಯುತ್ತಾರೆ. ನಮ್ಮ ದೇಶದಲ್ಲಿ ಮೊದಲ ಗುಣಮಟ್ಟ ವೃತ್ತ ಶುರುವಾದದ್ದು 1980ರಲ್ಲಿ, ಸರ್ಕಾರಿ ಕಂಪನಿ ಬಿಎಚ್‌ಇಎಲ್‌ನ ಹೈದರಾಬಾದ್ ಘಟಕದಲ್ಲಿ.

ಇವರೆಲ್ಲ ಹೇಳಿದ್ದರ ತಿರುಳು ಒಂದೇ. ಕೊನೆಯಲ್ಲಿ ನಿಂತು ಕೆಟ್ಟದ್ದನ್ನು ಆರಿಸಿ ಬದಿಗಿಟ್ಟರೆ ಏನೂ ಸುಧಾರಿಸುವುದಿಲ್ಲ. ಅಡಿಕೆ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯಾಪಾರದ ಮಂಡಿಯಲ್ಲಿ ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ದರ್ಜೆವಾರು ಬೇರೆ ಮಾಡುತ್ತಾರೆ. ಬೇರೆ ಮಾಡಿದ್ದರಿಂದ ಒಂದು ಅಡಿಕೆಯೂ ಮೊದಲಿಗಿಂತ ಚೆನ್ನಾಗುವುದಿಲ್ಲ. ಮರದಿಂದ ಅಡಿಕೆ ಗೊನೆ ಇಳಿಸಿದ್ದು ಯಾವಾಗ, ಬೇಯಿಸಿದ್ದು ಎಷ್ಟು ಹೊತ್ತು, ಬೇಯಿಸುವ ಚೊಗರು (ಅಡಿಕೆಯ ರಸ) ಹೇಗಿತ್ತು, ಅಂಗಳದಲ್ಲಿ ಒಣಗುವಾಗ ಒಳ್ಳೆಯ ಬಿಸಿಲು ಸಿಕ್ಕಿತಾ ಅನ್ನುವುದರಲ್ಲೇ ಎಲ್ಲ ತೀರ್ಮಾನವಾಗಿರುತ್ತದೆ. ಪರೀಕ್ಷೆ, ಅಂಕ, ಗ್ರೇಡ್ ಎಲ್ಲ ಮಂಡಿಯ ಕೆಲಸ. ಈ ಪುಟದಲ್ಲಿ ಮಾತಾಡುತ್ತಿರುವುದು ಅಂಗಳದ ಕೆಲಸದ ಬಗ್ಗೆ.

ಮಕ್ಕಳನ್ನು ಕಾರ್ಖಾನೆಯ ಮಾಲಿನ ಹಾಗೆ ನೋಡುವುದು ಸರಿಯಾ?

ಖಂಡಿತ ಸರಿಯಲ್ಲ. ಭದ್ರಾವತಿ ಕಡೆಯವರು ಈ ಪ್ರಶ್ನೆಯನ್ನು ಜಾಸ್ತಿ ಕೇಳುತ್ತಾರೆ. ಕಬ್ಬಿಣದ ಕಾರ್ಖಾನೆ ನೋಡುತ್ತಲೇ ಬೆಳೆದವರು, ಕೇಳುವುದು ಸಹಜ.

ಇಲ್ಲಿ ಯಾರು ಏನು ಅಂತ ಮೊದಲು ಸ್ಪಷ್ಟ ಮಾಡಿಕೊಳ್ಳಬೇಕು. ಶಾಲೆಯಲ್ಲಿ ಮಗು ಕೆಲಸ ಮಾಡುವವನು, ಮಾಡುವವಳು. ಮಗು ಬರೆದ ಪ್ರಬಂಧ, ಬಿಡಿಸಿದ ಲೆಕ್ಕ, ಹಾಕಿದ ನಕ್ಷೆ, ಓದಿ ಹೇಳಿದ ಪದ್ಯ ಇವು ಆ ಕೆಲಸ. ಗುಣಮಟ್ಟದ ಮಾತು ಸಲ್ಲುವುದು ಆ ಕೆಲಸಕ್ಕೆ ಮಾತ್ರ, ಮಗುವಿಗಲ್ಲ. ಅಮೆರಿಕದ ಮನೋವೈದ್ಯ ವಿಲಿಯಂ ಗ್ಲಾಸರ್ ಶಾಲೆಗಳ ವಿಷಯದಲ್ಲಿ ಇದನ್ನೇ ವಾದಿಸಿದರು. ವಿದ್ಯಾರ್ಥಿ ಕೆಲಸಗಾರ, ಶಿಕ್ಷಕರು ಕೆಲಸ ಮಾಡಿಸುವವರು. ಹೆದರಿಸಿ ಮಾಡಿಸಿದರೆ ಕೆಲಸ ಮುಗಿಯಬಹುದು, ಚೆನ್ನಾಗಿ ಆಗುವುದಿಲ್ಲ ಎಂಬುದು ಅವರ ನಿಲುವು.

ಇದನ್ನು ಒಪ್ಪಿಕೊಂಡರೆ ಸ್ಟಾಫ್ ರೂಮಿನ ಮಾತೇ ಬದಲಾಗುತ್ತದೆ. "ಆ ಹುಡುಗ ದಡ್ಡ" ಅಂದ ಕೂಡಲೇ ನಮ್ಮ ಕೆಲಸ ಮುಗಿದುಬಿಡುತ್ತದೆ. ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. "ಅವನ ಪ್ರಬಂಧದಲ್ಲಿ ಒಂದು ವಿಷಯಕ್ಕೂ ಇನ್ನೊಂದಕ್ಕೂ ಕೊಂಡಿಯೇ ಇಲ್ಲ" ಅಂದರೆ ನಾಳೆ ಮಾಡುವುದಕ್ಕೆ ಒಂದು ಕೆಲಸ ಸಿಗುತ್ತದೆ. ತಪ್ಪುಗಳಲ್ಲಿ ಬಹುಪಾಲು ಕೆಲಸದ ವ್ಯವಸ್ಥೆಯಿಂದ ಬರುತ್ತವೆ, ಕೆಲಸಗಾರನಿಂದಲ್ಲ ಅಂತ ಡೆಮಿಂಗ್ ಕೊನೆಯವರೆಗೂ ಹೇಳುತ್ತಿದ್ದರು. ಶಾಲೆಯಲ್ಲಿ ಆ ವ್ಯವಸ್ಥೆ ಅಂದರೆ ನಾವು ಪಾಠ ಮಾಡುವ ರೀತಿ, ಕೊಡುವ ಸಮಯ, ಕೇಳುವ ಪ್ರಶ್ನೆ, ತಿದ್ದುವ ಕ್ರಮ, ಕೊನೆಗೆ ಬೆಂಚಿನ ಮೇಲೆ ಬೀಳುವ ಬೆಳಕು ಕೂಡ. ಜುಲೈಯಲ್ಲಿ ಕರೆಂಟ್ ಹೋದ ಮಧ್ಯಾಹ್ನ ಹಿಂದಿನ ಬೆಂಚಿನಲ್ಲಿ ಕೂತು ಬೋರ್ಡ್ ನೋಡಿ. ಆ ಮಗು ತಪ್ಪಾಗಿ ಬರೆದುಕೊಂಡದ್ದು ಯಾಕೆ ಅಂತ ಗೊತ್ತಾಗುತ್ತದೆ.

ಒಳ್ಳೆಯ ಕೆಲಸ ಯಾವುದು ಅಂತ ಯಾರು ತೀರ್ಮಾನ ಮಾಡಬೇಕು?

ಮಕ್ಕಳೂ ಸೇರಿ. ಇದು ನನಗೆ ತುಂಬಾ ಮುಖ್ಯ ಅನಿಸುವ ಪ್ರಶ್ನೆ, ಹಾಗಾಗಿ ಒಂದು ಉದಾಹರಣೆಯನ್ನು ಪೂರ್ತಿ ಹೇಳುತ್ತೇನೆ.

ಏಳನೇ ತರಗತಿಗೆ "ನಮ್ಮೂರ ಮಳೆ" ಅಂತ ಒಂದು ಪ್ರಾಜೆಕ್ಟ್ ಕೊಟ್ಟಿದ್ದೀರಿ ಅಂದುಕೊಳ್ಳಿ. ಆಗುಂಬೆ, ಹುಲಿಕಲ್ ಸುತ್ತಿನ ಮಕ್ಕಳು ಮಳೆಯಲ್ಲೇ ಹುಟ್ಟಿ ಬೆಳೆದವರು. ಆದರೂ ಮೊದಲ ಸಲ ಬರುವುದು ಹೀಗಿರುತ್ತದೆ: "ನಮ್ಮ ಊರಿನಲ್ಲಿ ತುಂಬಾ ಮಳೆ ಬರುತ್ತದೆ. ಮಳೆ ಬಂದರೆ ರೈತರಿಗೆ ಸಂತೋಷ. ನಾವು ಮಳೆ ನೀರನ್ನು ಉಳಿಸಬೇಕು." ಮೇಲೆ ಸ್ಕೆಚ್ ಪೆನ್ನಿನಲ್ಲಿ ಅಂದವಾದ ಬಾರ್ಡರ್. ನಾವು "ಗುಡ್" ಅಂತ ಬರೆದು ಸಹಿ ಹಾಕುತ್ತೇವೆ. ಅಲ್ಲಿಗೆ ಮುಗಿಯಿತು.

ಇದರ ಬದಲು ಶುರುವಿನಲ್ಲೇ ಎರಡು ಬರಹಗಳನ್ನು ಹೆಸರು ಹೇಳದೆ ತರಗತಿಯ ಮುಂದಿಡಿ. ಯಾವುದು ಚೆನ್ನಾಗಿದೆ, ಯಾಕೆ ಅಂತ ಕೇಳಿ. ಮೊದಲು "ಅಕ್ಷರ ದುಂಡಗಿದೆ ಸಾರ್" ಅನ್ನುತ್ತಾರೆ. ಸ್ವಲ್ಪ ಕಾಯಿರಿ. "ಎಷ್ಟು ಮಳೆ ಅಂತ ಬರೆದಿಲ್ಲ." "ಯಾವತ್ತು ಅಂತ ಇಲ್ಲ." "ಹೆಂಗೆ ಅಳೆದ್ರು ಅಂತ ಗೊತ್ತಾಗಲ್ಲ." ಈ ಮಾತುಗಳನ್ನು ಅವರು ಹೇಳಿದ ಹಾಗೇ ಒಂದು ಹಾಳೆಗೆ ಬರೆದು ಗೋಡೆಗೆ ಅಂಟಿಸಿ. ಗುಣಮಟ್ಟದ ಅಳತೆಗೋಲು ಅಂದರೆ ಇದು. ನಾವು ಬರೆದು ಕೊಟ್ಟ ಪಟ್ಟಿಗಿಂತ ಅವರೇ ಕಟ್ಟಿದ ಪಟ್ಟಿಗೆ ಬೆಲೆ ಜಾಸ್ತಿ.

ಆಮೇಲೆ ಒಂದು ಪ್ಲಾಸ್ಟಿಕ್ ಬಾಟಲಿ. ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯ ಹಾಗೆ ಕೂರಿಸಬೇಕು. ಬಾಟಲಿಯ ತಳ ಸಮ ಇರುವುದಿಲ್ಲವಲ್ಲ, ಅದಕ್ಕೆ ಸಣ್ಣ ಕಲ್ಲು ಹಾಕಿ ಸ್ವಲ್ಪ ನೀರು ತುಂಬಿ ಅಲ್ಲಿ ಸೊನ್ನೆ ಗುರುತು ಮಾಡಬೇಕು. ಪಕ್ಕದಲ್ಲಿ ಸ್ಕೇಲ್ ಅಂಟಿಸಿದರೆ ಮಳೆಮಾಪಕ ಸಿದ್ಧ. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಮಳೆ ಲೆಕ್ಕ ಹಿಡಿಯುತ್ತದೆ. ಮಕ್ಕಳೂ ಅದೇ ಹೊತ್ತಿಗೆ ನೋಡಲಿ.

ಗೋಡೆಯ ಮೇಲಿನ ಪಟ್ಟಿ ನೋಡಿಕೊಂಡು ಎರಡನೇ ಸಲ ಬರೆದಾಗ ಅದೇ ಮಗುವಿನಿಂದ ಇಂಥದ್ದು ಬರುತ್ತದೆ: "ಬುಧವಾರ ಬೆಳಿಗ್ಗೆ ಎಂಟೂವರೆಗೆ ಬಾಟಲಿಯಲ್ಲಿ 62 ಮಿಲಿಮೀಟರ್ ನೀರಿತ್ತು. ಬಾಟಲಿ ತೆಂಗಿನ ಮರದ ಹತ್ತಿರ ಇಟ್ಟಿದ್ದೆ. ಮರದಿಂದ ಇಳಿದ ನೀರೂ ಸೇರಿರಬಹುದು. ನಾಳೆ ಅಂಗಳದ ಮಧ್ಯ ಇಡುತ್ತೇನೆ." ಆ ಕೊನೆಯ ಎರಡು ವಾಕ್ಯ ನೋಡಿ. ತನ್ನ ಕೆಲಸದ ಕೊರತೆಯನ್ನು ಮಗು ತಾನೇ ಹಿಡಿದಿದೆ, ಏನು ಮಾಡಬೇಕೆಂದೂ ಹೇಳಿದೆ. ಯಾರೂ ಕೆಂಪು ಪೆನ್ ಮುಟ್ಟಿಲ್ಲ. ಅಕ್ಷರ ದುಂಡಗಿಲ್ಲದಿದ್ದರೂ ನನಗೆ ಬೇಸರವಿಲ್ಲ.

ಎರಡೆರಡು ಸಲ ಬರೆಸಿ ತಿದ್ದುವುದಕ್ಕೆ ಸಮಯ ಎಲ್ಲಿದೆ?

ನಿಜ, ಇಲ್ಲ. ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು, ಇವುಗಳ ಮಧ್ಯೆ ನಲವತ್ತು ನೋಟ್‌ಬುಕ್ ತಿದ್ದುವ ಕಷ್ಟ ಗೊತ್ತಿದೆ. ಅದಕ್ಕೇ ಹೇಳುವುದು, ಎಲ್ಲವನ್ನೂ ತಿದ್ದಬೇಡಿ. ದಿನಕ್ಕೆ ಐದಾರು ಪುಸ್ತಕ ತೆಗೆದುಕೊಳ್ಳಿ, ಆದರೆ ತಪ್ಪು ಯಾವ ಜಾತಿಯದ್ದು ಅಂತ ಗಮನವಿಟ್ಟು ನೋಡಿ.

ಕಳೆಯುವ ಲೆಕ್ಕವನ್ನೇ ತೆಗೆದುಕೊಳ್ಳಿ: 402ರಲ್ಲಿ 178 ಕಳೆಯಬೇಕು. ಉತ್ತರ 224. ಒಬ್ಬಳು 376 ಬರೆದಿದ್ದಾಳೆ. ಇನ್ನೊಬ್ಬ 234. ಇಬ್ಬರಿಗೂ ಒಂದೇ ಕೆಂಪು ಗೀಟು, ಇಬ್ಬರಿಗೂ ಸೊನ್ನೆ. ಆದರೆ ಎರಡೂ ಬೇರೆ ಬೇರೆ ತಪ್ಪು. 376 ಬರೆದವಳು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದ್ದಾಳೆ. ಮೇಲಿನದು ಯಾವುದು, ಕೆಳಗಿನದು ಯಾವುದು ಅಂತ ನೋಡಿಲ್ಲ. ಸಾಲ ತೆಗೆದುಕೊಳ್ಳುವ ವಿಚಾರವೇ ಅವಳ ಮನಸ್ಸಿನಲ್ಲಿಲ್ಲ. 234 ಬರೆದವನಿಗೆ ಸಾಲ ಗೊತ್ತು. ಸೊನ್ನೆ ದಾಟಿ ನೂರರಿಂದ ತಂದ ಮೇಲೆ ಹತ್ತರ ಸ್ಥಾನದಲ್ಲಿ ಒಂಬತ್ತು ಉಳಿಯುತ್ತದೆ ಎಂಬುದನ್ನು ಮಾತ್ರ ಮರೆತು, ಹತ್ತು ಅಂತಲೇ ಇಟ್ಟುಕೊಂಡಿದ್ದಾನೆ. ಅವಳಿಗೆ ಕಡ್ಡಿ ಕಟ್ಟುಗಳನ್ನು ಕೈಗೆ ಕೊಟ್ಟು ಮೊದಲಿನಿಂದ ಶುರು ಮಾಡಬೇಕು. ಅವನಿಗೆ ಸೊನ್ನೆ ಇರುವ ನಾಲ್ಕು ಲೆಕ್ಕ ಮಾಡಿಸಿದರೆ ಸಾಕಾಗಬಹುದು.

ಟಿಪ್ಪಣಿ ಪುಸ್ತಕದ ಕೊನೆಯ ಪುಟದಲ್ಲಿ ತಪ್ಪಿನ ಬಗೆಗಳನ್ನು ಬರೆದು ಎದುರಿಗೆ ಗೀಟು ಹಾಕುತ್ತಾ ಹೋಗಿ. ಒಂದು ವಾರದಲ್ಲಿ ಒಂದೆರಡು ಬಗೆಯ ಎದುರಿಗೆ ಗೀಟುಗಳ ಸಾಲು ಉದ್ದವಾಗಿರುತ್ತದೆ. ಕೆಲವೇ ಕಾರಣಗಳು ಬಹುಪಾಲು ತೊಂದರೆ ಕೊಡುತ್ತವೆ ಅಂತ ಗುಣಮಟ್ಟದ ಇನ್ನೊಬ್ಬ ತಜ್ಞ ಜೋಸೆಫ್ ಜುರಾನ್ ಕಾರ್ಖಾನೆಗಳಿಗೆ ಹೇಳಿದ್ದು ಲೆಕ್ಕದ ಪುಸ್ತಕಕ್ಕೂ ಹೊಂದುತ್ತದೆ. ಆ ಒಂದೆರಡಕ್ಕೆ ಪಾಠ ಮಾಡಿ. ಉಳಿದದ್ದು ಆಮೇಲೆ.

"ಯಾಕೆ" ಅಂತ ಐದು ಸಲ ಕೇಳಬೇಕು ಅನ್ನುತ್ತಾರಲ್ಲ, ಅದು ಏನು?

ಜಪಾನಿನ ಟೊಯೊಟಾ ಕಂಪನಿಯಲ್ಲಿ ಬೆಳೆದ ರೂಢಿ. ಮೊದಲು ಹೊಳೆದ ಕಾರಣಕ್ಕೇ ನಿಂತುಬಿಡಬಾರದು ಅನ್ನುವುದು ಅದರ ಉದ್ದೇಶ. ನಮ್ಮ ಕಡೆಯ ಒಂದು ಸಾಮಾನ್ಯ ತೊಂದರೆಗೆ ಹಾಕಿ ನೋಡೋಣ.

ಜುಲೈಯಲ್ಲಿ ಹೋಮ್‌ವರ್ಕ್ ಬರುವುದು ಕಡಿಮೆಯಾಗುತ್ತದೆ. ಯಾಕೆ? ಬರೆದದ್ದು ಒದ್ದೆಯಾಗಿ ಶಾಯಿ ಹರಡಿದೆ, ತೋರಿಸುವುದಕ್ಕೆ ಮಕ್ಕಳಿಗೆ ನಾಚಿಕೆ. ಯಾಕೆ ಒದ್ದೆ? ಬ್ಯಾಗ್ ನೆನೆದಿದೆ. ಕೊಡೆ ಇದ್ದೂ ಯಾಕೆ ನೆನೆಯಿತು? ಕೊಡೆ ತಲೆಗೆ ಸಾಕಾಗುತ್ತದೆ, ಬೆನ್ನ ಮೇಲಿನ ಬ್ಯಾಗಿಗೆ ಸಾಲದು. ಹಳ್ಳದ ಮೇಲಿನ ಕಾಲುಸಂಕ ದಾಟುವಾಗಂತೂ ಕೊಡೆ ಮಡಚಲೇಬೇಕು. ಹಾಗಾದರೆ ಪುಸ್ತಕ ಯಾಕೆ ದಿನಾ ಮನೆಗೂ ಶಾಲೆಗೂ ಓಡಾಡಬೇಕು? ನಾವು ಬೇಸಿಗೆಯಲ್ಲಿ ಮಾಡಿದ ನಿಯಮವನ್ನೇ ಮಳೆಗಾಲದಲ್ಲೂ ಇಟ್ಟುಕೊಂಡಿದ್ದೇವೆ, ಅದಕ್ಕೆ.

ನಾಲ್ಕನೇ ಪ್ರಶ್ನೆಗೇ ಉತ್ತರ ಸಿಕ್ಕಿತು, ಐದು ಆಗಲೇಬೇಕೆಂದಿಲ್ಲ. ಮೊದಲ ಪ್ರಶ್ನೆಗೇ ನಿಂತಿದ್ದರೆ "ಮಳೆಗಾಲದಲ್ಲಿ ಮಕ್ಕಳು ಸೋಮಾರಿ" ಅಂತ ತೀರ್ಮಾನ ಮಾಡಿ ಬೈದು ಕೂರಿಸುತ್ತಿದ್ದೆವು. ಈಗ ಬೇರೆ ದಾರಿ ಕಾಣುತ್ತದೆ. ನೋಟ್‌ಬುಕ್ ಶಾಲೆಯ ಕಪಾಟಿನಲ್ಲೇ ಇರಲಿ. ಮನೆಗೆ ಒಂದು ಬಿಡಿ ಹಾಳೆ, ಪ್ಲಾಸ್ಟಿಕ್ ಕವರಿನಲ್ಲಿ.

ಇದನ್ನೂ ಸುಮ್ನೆ ಆದೇಶ ಹೊರಡಿಸಿ ಬಿಡಬಾರದು. ಯೋಜಿಸು, ಮಾಡು, ನೋಡು, ಸರಿಪಡಿಸು ಅಂತ ಒಂದು ಚಕ್ರ ಇದೆ. ಆರನೇ ತರಗತಿಯಲ್ಲಿ ಮಾತ್ರ ಎರಡು ವಾರ ಮಾಡಿ ನೋಡಿ. ಎಷ್ಟು ಹಾಳೆ ವಾಪಸ್ ಬಂತು ಅಂತ ಲೆಕ್ಕ ಇಡಿ. ಬಂದರೆ ಉಳಿದ ತರಗತಿಗಳಿಗೂ ತನ್ನಿ. ಬರದಿದ್ದರೆ ಮಕ್ಕಳನ್ನೇ ಕೇಳಿ, ಯಾಕೆ ಅಂತ.

ಕಳೆದ ಟೆಸ್ಟಿಗಿಂತ ಈ ಸಲ ಅಂಕ ಕಡಿಮೆ ಬಂದಿದೆ. ಏನು ಮಾಡಬೇಕು?

ಎಷ್ಟು ಕಡಿಮೆ? ಇಪ್ಪತ್ತಕ್ಕೆ 13 ಇದ್ದದ್ದು 12 ಆದರೆ ಏನೂ ಮಾಡಬೇಡಿ. ಅದೇ ಮಗುವಿಗೆ ಇನ್ನೊಂದು ದಿನ ಅದೇ ಟೆಸ್ಟ್ ಕೊಟ್ಟರೂ 14 ಬರಬಹುದು, 11 ಬರಬಹುದು. ಶೂಹಾರ್ಟ್ ಹೇಳಿದ್ದು ಇದನ್ನೇ. ಯಾವ ಕೆಲಸದಲ್ಲೂ ದಿನನಿತ್ಯದ ಏರಿಳಿತ ಇದ್ದೇ ಇರುತ್ತದೆ. ವಿಶೇಷ ಕಾರಣದಿಂದ ಆಗುವ ಏರುಪೇರು ಬೇರೆ. ಮೊದಲನೆಯದಕ್ಕೆ ಪ್ರತಿ ಸಲ ಹೊಗಳಿ, ಬೈದು ಮಾಡುತ್ತಾ ಹೋದರೆ ಮಗುವಿಗೆ ತಲೆಬುಡ ತಿಳಿಯುವುದಿಲ್ಲ.

ಪೂರ್ತಿ ತರಗತಿಯ ಸರಾಸರಿಯನ್ನು ವಾರವಾರ ಒಂದು ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟು ಸೇರಿಸುತ್ತಾ ಹೋಗಿ. ಯಾರ ಹೆಸರೂ ಬೇಡ. ಹತ್ತು ಹನ್ನೆರಡು ಚುಕ್ಕಿ ಆದ ಮೇಲೆ ಏರಿಳಿತ ಸಾಮಾನ್ಯವಾಗಿ ಎಷ್ಟು ಅಂತ ಕಣ್ಣಿಗೇ ಕಾಣುತ್ತದೆ. ಒಂದು ಚುಕ್ಕಿ ಆ ಏರಿಳಿತದ ಮಿತಿಯಿಂದ ಹೊರಗೆ ಬಿತ್ತು ಅಂದರೆ ಆಗ ಕಾರಣ ಹುಡುಕಿ. ಆ ವಾರ ಮಳೆ ರಜೆ ಇತ್ತಾ? ಅಡಿಕೆ ಕೊಯ್ಲು ನಡೆದು ಮಕ್ಕಳು ರಾತ್ರಿ ಹನ್ನೊಂದರ ತನಕ ಅಡಿಕೆ ಸುಲಿಯುವಲ್ಲಿ ಕೂತಿದ್ದರಾ? ಇವೆಲ್ಲ ನಮ್ಮ ಕಡೆ ನಿಜವಾದ ಕಾರಣಗಳು.

ಹಾಗಾದರೆ ಅಂಕವನ್ನೇ ಕೊಡಬಾರದಾ?

ಡೆಮಿಂಗ್ ಅಂತೂ ಅಂಕ, ರ‍್ಯಾಂಕ್ ಎರಡಕ್ಕೂ ಬಹಿರಂಗವಾಗಿ ವಿರೋಧ ಇದ್ದವರು. ನಾವು ಅಷ್ಟು ದೂರ ಹೋಗಲಾಗುವುದಿಲ್ಲ. ಎಸ್ಎಸ್ಎಲ್‌ಸಿ ಇದೆ, ಆಂತರಿಕ ಮೌಲ್ಯಮಾಪನ ಇದೆ, ದಾಖಲೆ ಕೊಡಲೇಬೇಕು.

ಆದರೆ ಪ್ರತಿ ಹಾಳೆಗೂ ಅಂಕ ಹಾಕಬೇಕು ಅಂತ ಯಾರೂ ಹೇಳಿಲ್ಲ. 1988ರಲ್ಲಿ ರೂತ್ ಬಟ್ಲರ್ ಪ್ರಕಟಿಸಿದ ಒಂದು ಅಧ್ಯಯನ ಇದೆ. ಕೆಲವು ಮಕ್ಕಳಿಗೆ ಬರೀ ಅಂಕ, ಕೆಲವರಿಗೆ ಬರೀ ಟಿಪ್ಪಣಿ, ಇನ್ನು ಕೆಲವರಿಗೆ ಎರಡೂ ಕೊಟ್ಟು ನೋಡಿದರು. ಕೆಲಸವೂ ಆಸಕ್ತಿಯೂ ಸುಧಾರಿಸಿದ್ದು ಬರೀ ಟಿಪ್ಪಣಿ ಪಡೆದವರದ್ದು. ಎರಡೂ ಕೊಟ್ಟಾಗ ಟಿಪ್ಪಣಿಯ ಲಾಭ ಹೋಯಿತು. ನಮ್ಮ ತರಗತಿಯಲ್ಲೂ ಇದು ಕಾಣುತ್ತದಲ್ವಾ? ಪುಸ್ತಕ ಕೊಟ್ಟ ತಕ್ಷಣ ಅಂಕ ನೋಡುತ್ತಾರೆ, ಪಕ್ಕದವನದ್ದು ನೋಡುತ್ತಾರೆ, ಮುಚ್ಚಿಡುತ್ತಾರೆ. ಕೆಳಗೆ ಬರೆದದ್ದನ್ನು ಯಾರೂ ಓದುವುದಿಲ್ಲ. ಹಾಗಾಗಿ ಅಭ್ಯಾಸದ ಕೆಲಸಕ್ಕೆ ಟಿಪ್ಪಣಿ ಮಾತ್ರ, ದಾಖಲೆಯ ಕೆಲಸಕ್ಕೆ ಅಂಕ. ಟಿಪ್ಪಣಿಯೂ ಮಾಡುವುದಕ್ಕೆ ಆಗುವಂಥದ್ದು ಇರಲಿ. "ಇನ್ನೂ ಚೆನ್ನಾಗಿ ಬರೆ" ಅಂದರೆ ಮಗು ಏನು ಮಾಡಬೇಕು? "ಎರಡನೇ ಪ್ಯಾರಾದಲ್ಲಿ ಜಾತ್ರೆಯ ಗದ್ದಲ ಹೇಗಿತ್ತು ಅಂತ ಎರಡು ವಾಕ್ಯ ಸೇರಿಸು" ಅಂದರೆ ಪೆನ್ ಎತ್ತಿಕೊಳ್ಳುತ್ತದೆ.

ನೂರಕ್ಕೆ ನೂರು ಫಲಿತಾಂಶ ಬೇಕು ಅಂತ ಮೇಲಿನಿಂದ ಒತ್ತಡ ಇದೆ. ಅದೂ ಗುಣಮಟ್ಟವೇ ಅಲ್ವಾ?

ಅಲ್ಲ. ಗುರಿಯ ಸಂಖ್ಯೆ ಹೇಳಿ ಅಲ್ಲಿಗೆ ಹೋಗುವ ದಾರಿ ಹೇಳದಿರುವುದನ್ನು ಡೆಮಿಂಗ್ ನೇರವಾಗಿ ಖಂಡಿಸಿದರು. ದಾರಿ ಗೊತ್ತಿಲ್ಲದಾಗ ಜನ ಸಂಖ್ಯೆಯನ್ನೇ ಹೇಗಾದರೂ ಮಾಡಿ ತಲುಪಿಸುತ್ತಾರೆ. ಪಾಸಾಗುವುದಕ್ಕೆ ಬೇಕಾದಷ್ಟನ್ನೇ ಆರಿಸಿ ಓದಿಸುವ ಪಾಸಿಂಗ್ ಪ್ಯಾಕೇಜ್ ಹುಟ್ಟಿಕೊಂಡದ್ದು ಹೀಗೆ. ಅದರಿಂದ ಕೆಲವು ಮಕ್ಕಳು ದಾಟಿಕೊಳ್ಳುತ್ತಾರೆ, ಅದನ್ನು ಕೀಳಾಗಿ ನೋಡುವುದಿಲ್ಲ. ಆದರೆ ಹತ್ತನೇ ತರಗತಿಯ ಜನವರಿಯಲ್ಲಿ ಮಾಡುವ ಓಟವನ್ನು ಐದನೇ ತರಗತಿಯ ಕಳೆಯುವ ಲೆಕ್ಕದ ಹತ್ತಿರ ಮಾಡಿದ್ದರೆ ಆ ಮಕ್ಕಳಿಗೆ ಪ್ಯಾಕೇಜೇ ಬೇಕಾಗುತ್ತಿರಲಿಲ್ಲ. ನನಗೆ ನೋವಾಗುವುದು ಅಲ್ಲಿ.

ನಮ್ಮದು ಒಬ್ಬರೇ ಶಿಕ್ಷಕರ ಶಾಲೆ. ಐದು ತರಗತಿ, ಹದಿನಾಲ್ಕು ಮಕ್ಕಳು. ಇದೆಲ್ಲ ಆಗುತ್ತದಾ?

ಆಗುತ್ತದೆ. ನಿಮಗೇ ಸುಲಭ ಅಂತ ಕೂಡ ಹೇಳುತ್ತೇನೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ, ಚಿಕ್ಕ ತರಗತಿಗಳ ಮಕ್ಕಳು ಕಾರ್ಡುಗಳಿಂದ ತಮ್ಮ ತಮ್ಮ ವೇಗದಲ್ಲಿ ಕಲಿಯುವ ನಲಿ-ಕಲಿ ಪದ್ಧತಿಯನ್ನು ನೆನಪು ಮಾಡಿಕೊಳ್ಳಿ. ಮಗು ಕಲಿಕೆಯ ಹಂತಗಳನ್ನು ತೋರಿಸುವ ಏಣಿಯಲ್ಲಿ ತಾನೆಲ್ಲಿದ್ದೇನೆ ಅಂತ ನೋಡಿಕೊಂಡು ಕಾರ್ಡ್ ತೆಗೆದುಕೊಳ್ಳುತ್ತದೆ. ತನ್ನ ಕೆಲಸ ಎಲ್ಲಿಗೆ ಬಂತು, ಮುಂದೇನು ಅನ್ನುವುದು ಮಗುವಿಗೇ ಗೊತ್ತಿರಬೇಕು ಎಂಬ ಗುಣಮಟ್ಟದ ವಿಚಾರ ಆ ಏಣಿಯಲ್ಲೇ ಇದೆ. ಅದನ್ನು ನಾಲ್ಕು, ಐದನೇ ತರಗತಿಗೂ ಎಳೆದುಕೊಂಡು ಹೋಗಿ. ದೊಡ್ಡ ಮಕ್ಕಳು ಚಿಕ್ಕವರ ಓದನ್ನು ಕೇಳಿಸಿಕೊಳ್ಳಲಿ. ಎಲ್ಲಿ ತಡವರಿಸುತ್ತಾರೆ ಅಂತ ಗುರುತು ಹಾಕಿಕೊಳ್ಳಲಿ. ಕೇಳಿಸಿಕೊಳ್ಳುವವರೂ ಕಲಿಯುತ್ತಾರೆ.

ಮಕ್ಕಳ ಗುಣಮಟ್ಟ ವೃತ್ತ ಅಂದರೆ?

ಐದಾರು ಮಕ್ಕಳ ಗುಂಪು, ವಾರಕ್ಕೊಂದು ಸಲ, ತಮ್ಮದೇ ಒಂದು ತೊಂದರೆ. ಲಕ್ನೋದ ಸಿಟಿ ಮಾಂಟೆಸರಿ ಶಾಲೆಯಲ್ಲಿ 1990ರ ದಶಕದಲ್ಲಿ ಇದನ್ನು ದೊಡ್ಡದಾಗಿ ಮಾಡಿದರು. ಅಲಾಸ್ಕಾದ ಸಿಟ್ಕಾ ಊರಿನ ಮೌಂಟ್ ಎಡ್ಜ್‌ಕಂಬ್ ಎಂಬ ಸರ್ಕಾರಿ ವಸತಿ ಪ್ರೌಢಶಾಲೆಯಲ್ಲಿ ಡೇವಿಡ್ ಲ್ಯಾಂಗ್‌ಫೋರ್ಡ್ ಎಂಬ ಶಿಕ್ಷಕರು 1980ರ ದಶಕದ ಕೊನೆಯಲ್ಲಿ ಡೆಮಿಂಗ್ ವಿಚಾರಗಳನ್ನು ತರಗತಿಗೆ ತಂದರು.

ನಮ್ಮಲ್ಲಿ ಇದಕ್ಕೆ ಹೊಸ ಸಂಘ ಕಟ್ಟಬೇಕಾಗಿಲ್ಲ. ಶಾಲಾ ಸಂಸತ್ತು ಇದೆಯಲ್ಲ, ಅದಕ್ಕೇ ನಿಜವಾದ ಕೆಲಸ ಕೊಡಿ. ಗ್ರಂಥಾಲಯದ ಪುಸ್ತಕ ಯಾಕೆ ಯಾರೂ ಒಯ್ಯುತ್ತಿಲ್ಲ? ವಿಜ್ಞಾನದ ಚಿತ್ರಗಳಲ್ಲಿ ಭಾಗಗಳ ಹೆಸರು ಯಾಕೆ ತಪ್ಪುತ್ತಿದೆ? ಮೀನಿನ ಮುಳ್ಳಿನ ಆಕಾರದ ಇಷಿಕಾವಾ ಚಿತ್ರವನ್ನು ಮಕ್ಕಳು ಬೇಗ ಹಿಡಿಯುತ್ತಾರೆ. ತಲೆಯಲ್ಲಿ ತೊಂದರೆ, ಒಂದೊಂದು ಮುಳ್ಳಿಗೆ ಒಂದೊಂದು ಕಾರಣ. ಒಂದೇ ಎಚ್ಚರ: ಅವರು ಹೇಳಿದ ಕಾರಣಗಳಲ್ಲಿ "ಟೀಚರ್ ಬೋರ್ಡ್ ಬೇಗ ಒರೆಸುತ್ತಾರೆ" ಅಂತಲೂ ಬರುತ್ತದೆ. ಅದನ್ನೂ ಅಷ್ಟೇ ಗಂಭೀರವಾಗಿ ಬರೆದುಕೊಳ್ಳಬೇಕು.

ಐಎಸ್ಒ ಪ್ರಮಾಣಪತ್ರ ಬೇಕಾ?

ಬೇಡ. ಐಎಸ್ಒ ಅಂದರೆ ಅಂತರರಾಷ್ಟ್ರೀಯ ಮಾನದಂಡಗಳನ್ನು ರೂಪಿಸುವ ಸಂಸ್ಥೆ. ಶಿಕ್ಷಣ ಸಂಸ್ಥೆಗಳಿಗೆಂದೇ 2018ರಲ್ಲಿ ಅದರ ಐಎಸ್ಒ 21001 ಮಾನದಂಡ ಬಂದಿದೆ. ಅದು ಆಡಳಿತದ ಕ್ರಮಕ್ಕೆ ಸಂಬಂಧಿಸಿದ್ದು. ಆ ದುಡ್ಡಿಗೆ ಪುಸ್ತಕ ತನ್ನಿ.

ಹೆದರಿಕೆ ಇಲ್ಲದಿದ್ದರೆ ಮಕ್ಕಳು ಬರೆಯುತ್ತಾರಾ?

ಹೆದರಿಕೆ ಇದ್ದರೆ ತಪ್ಪನ್ನು ಬಚ್ಚಿಡುತ್ತಾರೆ. ಬಚ್ಚಿಟ್ಟ ತಪ್ಪನ್ನು ಯಾವ ವಿಧಾನವೂ ಸರಿಪಡಿಸಲಾರದು. ಮೇಲೆ ಹೇಳಿದ 376 ಬರೆದ ಹುಡುಗಿ ಹೊಡೆತಕ್ಕೆ ಹೆದರಿ ಪಕ್ಕದವಳದ್ದು ನೋಡಿ 224 ಬರೆದಿದ್ದರೆ ನಮಗೆ ಏನೂ ತಿಳಿಯುತ್ತಲೇ ಇರಲಿಲ್ಲ. ಹೆದರಿಕೆ ಓಡಿಸಿ ಅನ್ನುವುದು ಡೆಮಿಂಗ್ ಅವರ 14 ಸೂತ್ರಗಳಲ್ಲಿ ಒಂದು. ನಮ್ಮಲ್ಲಿ ಕಾನೂನೂ ಇದೆ: 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಮನೆಯವರು "ಎಷ್ಟು ಮಾರ್ಕ್ಸ್?" ಅಂತ ಮಾತ್ರ ಕೇಳುತ್ತಾರೆ. ಅವರಿಗೆ ಹೇಗೆ ಹೇಳುವುದು?

ಹೇಳಬೇಡಿ, ತೋರಿಸಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಂದೇ ಮಗುವಿನ ಜೂನ್ ತಿಂಗಳ ಬರಹ, ನವೆಂಬರ್ ತಿಂಗಳ ಬರಹ ಪಕ್ಕಪಕ್ಕ ಇಡಿ. ಮಗುವೇ ನಿಂತು ಏನು ಬದಲಾಯಿಸಿದೆ, ಯಾಕೆ ಬದಲಾಯಿಸಿದೆ ಅಂತ ಹೇಳಲಿ. ಓದು ಬರಹ ಬಾರದ ಅಜ್ಜಿಗೂ ಅದು ಅರ್ಥವಾಗುತ್ತದೆ. ಮನೆಯಲ್ಲಿ ಕೇಳುವುದಕ್ಕೆ ಒಂದು ಪ್ರಶ್ನೆಯನ್ನೂ ಕೊಟ್ಟು ಕಳಿಸಿ: "ಇವತ್ತು ಯಾವ ತಪ್ಪು ಸಿಕ್ಕಿತು, ಅದನ್ನು ಹೇಗೆ ಸರಿ ಮಾಡಿದೆ?"

ಎಲ್ಲಿಂದ ಶುರು ಮಾಡಲಿ?

ಒಂದು ತರಗತಿ, ಒಂದು ವಿಷಯ, ಒಂದು ಬಗೆಯ ಕೆಲಸ. ಕನ್ನಡದಲ್ಲಿ ಪತ್ರ ಬರೆಯುವುದು ಆಗಬಹುದು, ಗಣಿತದಲ್ಲಿ ಭಾಗಾಕಾರ ಆಗಬಹುದು. ಜೂನ್‌ನಲ್ಲಿ ಶುರು ಮಾಡಿದರೆ ಜುಲೈ, ಆಗಸ್ಟ್ ಮಳೆಯಲ್ಲಿ ಹಾಜರಾತಿ ತಪ್ಪಿ ಲೆಕ್ಕ ಹಾಳಾಗುತ್ತದೆ. ದಸರಾ ರಜೆ ಮುಗಿದ ಮೇಲಿನ ದಿನಗಳು ನಮ್ಮ ಕಡೆಗೆ ಅನುಕೂಲ, ಕೊಯ್ಲು ಜೋರಾಗುವ ವಾರಗಳನ್ನು ಬಿಟ್ಟುಕೊಂಡರೆ ಆಯಿತು. ಮೊದಲ ವಾರ ಏನನ್ನೂ ಬದಲಾಯಿಸಬೇಡಿ. ತಪ್ಪುಗಳ ಬಗೆ ಬರೆದು ಗೀಟು ಹಾಕಿ, ಅಷ್ಟೇ. ಎರಡನೇ ವಾರ ಮಕ್ಕಳ ಜೊತೆ ಕೂತು ಒಳ್ಳೆಯ ಕೆಲಸದ ಪಟ್ಟಿ ಮಾಡಿ. ಆಮೇಲೆ ಒಂದೇ ಒಂದು ಬದಲಾವಣೆ. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಗೆ ಹೋಗುವಾಗ ಆ ಗೀಟುಗಳ ಪುಟವನ್ನೇ ತೆಗೆದುಕೊಂಡು ಹೋಗಿ. ಪಕ್ಕದ ಶಾಲೆಯವರ ಪುಟವನ್ನೂ ಅದರ ಪಕ್ಕ ಇಟ್ಟು ನೋಡಿ. ಇಬ್ಬರಲ್ಲೂ ಒಂದೇ ತಪ್ಪು ಉದ್ದ ಸಾಲಿನಲ್ಲಿದ್ದರೆ, ಮುಂದಿನ ಸಭೆಯಲ್ಲಿ ಆ ಪಾಠವನ್ನು ಹೇಗೆ ಮಾಡಬೇಕೆಂದು ಎಲ್ಲರೂ ಸೇರಿ ಮಾತಾಡಬಹುದು.